ಹೆಣ್ಣು ಕೊಡಬಾರದ ಹೊಲ

ಈಗಿನ ಲಗ್ನಪತ್ರಿಕೆಗಳಲ್ಲಿ ವಿಳಾಸ ಇರುವುದಿಲ್ಲ. ಅಸೂಟಿಯ ನಮ್ಮ ಓಣಿಯವರೊಬ್ಬರ ಮಗನ ಪತ್ರಿಕೆ ಮೊನ್ನೆ ಮೊಬೈಲಿಗೆ ಬಂತು. ಗಣಪತಿ, ಮನೆದೇವರು, ಎರಡೂ ಮನೆತನದ ಹಿರಿಯರು, 'ನಮ್ಮ ಮಾಮಾನ ಲಗ್ನಕ್ಕೆ ತಪ್ಪದೇ ಬರ್ರಿ' ಎನ್ನುವ ಚಿಕ್ಕಮಕ್ಕಳು, ಎಲ್ಲರೂ ಇದ್ದರು. ಸ್ಥಳ ಎಂಬಲ್ಲಿ ಮಾತ್ರ ಒಂದು ಲೊಕೇಶನ್. ಒತ್ತಿದೆ. ನಕಾಶೆ ರೋಣ ದಾಟಿ ಗಜೇಂದ್ರಗಡದ ದಿಕ್ಕು ಹಿಡಿದು, ಗುಡ್ಡ ಹತ್ತಿ, ನನ್ನ ಅವ್ವನ ತವರುಮನೆಯ ಹೊಲದ ನಟ್ಟನಡುವೆ ಕೆಂಪು ಗುರುತು ಊರಿತು.

ಸೋದರಮಾವನ ಮಗ ಆ ಹೊಲವನ್ನು ಲಗ್ನಕ್ಕೆ ಬಾಡಿಗೆ ಕೊಡುತ್ತಾನೆಂಬುದು ನನಗೆ ಹೊಸ ಸುದ್ದಿಯಲ್ಲ. ನಗು ಬಂದದ್ದು ಬೇರೆ ಕಾರಣಕ್ಕೆ. ಅಸೂಟಿಯವರು, ಅದರಲ್ಲೂ ಎರಿ ಹೊಲದ ಗತ್ತಿನ ಆ ಮನೆಯವರು, ಅಡ್ವಾನ್ಸ್ ಕೊಟ್ಟು ಆ ಗುಡ್ಡ ಹತ್ತಲು ಹೊರಟಿದ್ದರು.

ನಮ್ಮ ಕಡೆ ಸಂಬಂಧದ ಮಾತು ಶುರುವಾಗುತ್ತಿದ್ದದ್ದೇ ಮಣ್ಣಿನಿಂದ. ಹುಡುಗನ ಬಣ್ಣ, ಓದು, ಗುಣ ಎಲ್ಲ ಆಮೇಲೆ. "ಎರಿ ಎಷ್ಟೈತ್ರಿ?" ಇದು ಮೊದಲ ಪ್ರಶ್ನೆ. ಇಷ್ಟು ಕೂರಿಗೆ ಎಂದು ಉತ್ತರ ಬಂದರೆ ಚಹಾ ಒಳಗಿನಿಂದ ಬರುತ್ತಿತ್ತು. ಎರಿಯೆಂದರೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ, ಹತ್ತಿ. ಒಂದು ಹದಮಳೆ ಬಿದ್ದರೆ ಹಿಂಗಾರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುವ ಭೂಮಿ. ಮಲಪ್ರಭೆಯ ಕಾಲುವೆ ಬರುತ್ತದೆಂಬ ಸುದ್ದಿಯಾದ ಮೇಲಂತೂ ಎರಿಯವರ ಮೀಸೆ ಇನ್ನಷ್ಟು ತಿರುವಿಕೊಂಡಿತು. ಆ ನೀರಿಗಾಗಿ ಹಾಕಿದ ಕರದ ಮೇಲೆ 1980ರಲ್ಲಿ ನರಗುಂದ, ನವಲಗುಂದ ಹೊತ್ತಿ ಉರಿದದ್ದು, ಕಾಲುವೆಯ ತುದಿಯ ಹೊಲಗಳು ನೀರಿಗೆ ಬಾಯಿ ತೆರೆದುಕೊಂಡೇ ಕೂತದ್ದು ಬೇರೆ ಕತೆ. ಲಗ್ನದ ಮಾತಿನಲ್ಲಿ ಎರಿ ಎರಿಯೇ.

ಗುಡ್ಡದ ಹೊಲಕ್ಕೆ ಈ ಮಾತುಕತೆಯಲ್ಲಿ ಜಾಗವೇ ಇರಲಿಲ್ಲ. ಮಸಾರಿ ಕೂಡ ಪೂರಾ ಅಲ್ಲ, ಗರಸು. ಒಂದಿಷ್ಟು ಹೆಸರು, ಸಜ್ಜೆ, ನವಣೆ, ಏನೂ ಆಗದಿದ್ದರೆ ಹುರಳಿ. ಕಲ್ಲು ಮಾತ್ರ ಬಿತ್ತದೆಯೂ ಬೆಳೆಯುತ್ತಿತ್ತು. ಹೀಗಾಗಿ ಹೆಣ್ಣುಗಳು ಗುಡ್ಡದಿಂದ ಎರಿಗೆ ಇಳಿಯುತ್ತಿದ್ದವು, ಎರಿಯಿಂದ ಗುಡ್ಡಕ್ಕೆ ಹತ್ತುತ್ತಿರಲಿಲ್ಲ. ನನ್ನ ಅವ್ವ ಹಾಗೆ ಇಳಿದು ಅಸೂಟಿಗೆ ಬಂದವಳು. ಅವಳ ಅಣ್ಣನಿಗೆ, ಅಂದರೆ ನನ್ನ ಮಾವನಿಗೆ, ರೋಣ ತಾಲೂಕಿನ ಎರಿ ಊರುಗಳೆಲ್ಲ "ನೋಡೂಣ್ರಿ" ಎಂದು ಮರ್ಯಾದೆಯಿಂದ ಇಲ್ಲವೆಂದವು. ಕೊನೆಗೆ ಹೆಣ್ಣು ಸಿಕ್ಕದ್ದು ಕುಷ್ಟಗಿ ಕಡೆಯಿಂದ. ಆ ಸೀಮೆಯನ್ನು ನಮ್ಮ ಹಿರಿಯರು ಆಗಲೂ ಮೊಗಲಾಯಿ ಎಂದೇ ಕರೆಯುತ್ತಿದ್ದರು. ನಿಜಾಮ ಹೋಗಿ ವರ್ಷಗಳಾಗಿದ್ದರೂ ಬೀಗರ ಬಾಯಲ್ಲಿ ಗಡಿ ಹಾಗೇ ಇತ್ತು.

ಗಜೇಂದ್ರಗಡದ ಇತಿಹಾಸ ಬರೆಯುವವರು ಕೋಟೆ, ಘೋರ್ಪಡೆಯವರು, 1787ರ ಒಪ್ಪಂದ ಎನ್ನುತ್ತಾರೆ. ಟಿಪ್ಪು ಒಂದು ಕಡೆ, ಮರಾಠರು ಮತ್ತು ನಿಜಾಮ ಇನ್ನೊಂದು ಕಡೆ. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ, ಆದವಾನಿ ನಿಜಾಮನ ಕಡೆಗೆ. ಶಾಲೆಯಲ್ಲಿ ಇದನ್ನು ಓದಿದಾಗ ನನಗೆ ಅದು ಹಿರಿಯರು ಕಂಬಳಿಯ ಮೇಲೆ ಕೂತು ಬರೆಸುವ ಲಗ್ನದ ಯಾದಿಯಂತೆ ಕಂಡಿತ್ತು: ಇಷ್ಟು ನಿಮ್ಮದು, ಇಷ್ಟು ನಮ್ಮದು, ಸಾಕ್ಷಿಗೆ ಇವರು, ಮುನಿಸಿಕೊಳ್ಳಲು ಒಬ್ಬ ಕಾಕಾ. ಆ ಯಾದಿಯಲ್ಲಿ ನಮ್ಮ ಮಾವನ ಹೊಲವನ್ನು ಯಾರೂ ಕೇಳಿರಲಾರರು. ಕೇಳಿದ್ದರೂ ಎದುರಿನವರು "ತಗೊಳ್ರಿ" ಎಂದು ಪುಕ್ಕಟೆ ಬಿಟ್ಟುಕೊಟ್ಟಿರುತ್ತಿದ್ದರು.

ಆ ಹೊಲಕ್ಕೆ ಇದ್ದ ಆಸ್ತಿ ಒಂದೇ, ಗಾಳಿ.

ಕಣ ಮಾಡಿ ರಾಶಿ ಕಂಡವರಿಗೆ ಗಾಳಿಯ ಬೆಲೆ ಹೇಳಬೇಕಾಗಿಲ್ಲ. ಈಗಿನವರಿಗೆ ಹೇಳಬೇಕು. ಹೊಲದಲ್ಲಿ ಒಂದು ಕಡೆ ನೆಲ ಹಸನು ಮಾಡಿ, ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಸಾರಿಸಿದರೆ ಕಣ. ನಡುವೆ ಮೇಟಿ. ಮೇಟಿಗೆ ಹಾಲು ಬರುವ ಮರವೇ ಆಗಬೇಕು, ಲಗ್ನದ ಹಂದರಕ್ಕೆ ನಿಲ್ಲಿಸುವ ಹಾಲಗಂಬದ ಹಾಗೆಯೇ. ಅಜ್ಜ ಎರಡಕ್ಕೂ ಅತ್ತಿಯ ಗಿಡವನ್ನೇ ಹುಡುಕುತ್ತಿದ್ದ. ಮೇಟಿಗೆ ಎತ್ತು ಕಟ್ಟಿ ರಾತ್ರಿಯೆಲ್ಲ ಹಂತಿ ಹೊಡೆಯುವುದು. ಒಬ್ಬ ಹಂತಿಯ ಪದ ಎತ್ತಿದರೆ ಪಕ್ಕದ ಕಣದವನು ಸೊಲ್ಲು ಹಿಡಿಯುವುದು. ಇಷ್ಟೂ ಮನುಷ್ಯರ ಕೈಯಲ್ಲಿದ್ದದ್ದು. ತೆನೆ ತುಳಿದಾದ ಮೇಲೆ ಕಾಳಿನಿಂದ ಹೊಟ್ಟು ಬೇರೆಯಾಗಬೇಕಲ್ಲ, ಅದು ಗಾಳಿಯ ಕೈಯಲ್ಲಿ.

ಅಸೂಟಿಯ ಬಯಲಿನಲ್ಲಿ ಗಾಳಿ ಸತ್ತು ಬೀಳುತ್ತಿತ್ತು. ಅಪ್ಪ ಕಣದ ಪಕ್ಕ ಕಂಬಳಿ ಹಾಸಿಕೊಂಡು, ಆಗಾಗ ಒಂದು ಹಿಡಿ ಹೊಟ್ಟು ಮೇಲೆ ತೂರಿ ನೋಡುತ್ತಿದ್ದ. ಹೊಟ್ಟು ತಲೆಯ ಮೇಲೇ ಬೀಳುತ್ತಿತ್ತು. ನಡುರಾತ್ರಿ ಎಂದೋ ಒಂದು ಸುಳಿಗಾಳಿ ಎದ್ದರೆ ಮನೆಮಂದಿಯೆಲ್ಲ ಎದ್ದು ಓಡಬೇಕು. ಮೊರದಲ್ಲಿ ಕಾಳು ತುಂಬಿ ಎತ್ತರಕ್ಕೆ ಕೊಡುವವರು, ನಿಂತು ಇಳಿಬಿಡುವವರು, ಕಸಬರಿಗೆಯಿಂದ ಮೇಲಿನ ಕಂಕಿ ಸರಿಸುವವರು. ಅಷ್ಟರಲ್ಲಿ ಗಾಳಿ ನಿಂತೇಬಿಡುತ್ತಿತ್ತು. ಆಗ ಅವ್ವ ತಪ್ಪದೇ ಹೇಳುವ ಮಾತೊಂದಿತ್ತು. "ನಮ್ಮ ತವರಾಗ ಗಾಳಿಗೆ ಹಿಂಗ ಕೈಮುಗದು ಕುಂದ್ರಾಂಗಿಲ್ಲ ತಾಯಿ." ಅಪ್ಪ ಬಿಡುತ್ತಿರಲಿಲ್ಲ. "ಹೌದು, ನಿಮ್ಮಲ್ಲಿ ಗಾಳಿ ಐತಿ. ತೂರಾಕ ಕಾಳ ಎಲ್ಲಿ ಅದಾವ?"

ಈ ಜಗಳ ನಮ್ಮ ಮನೆಯಲ್ಲಿ ರಾಶಿಗೊಮ್ಮೆ ಆಗುವ ಹಬ್ಬವಾಗಿತ್ತು. ಅವ್ವ ಸೋಲುತ್ತಿದ್ದಳು, ಒಪ್ಪುತ್ತಿರಲಿಲ್ಲ. ಮಾತು ಗಾಳಿಯಿಂದ ದೇವರಿಗೆ ಹೊರಳುತ್ತಿತ್ತು. ಗಜೇಂದ್ರಗಡದ ಕಾಲಕಾಲೇಶ್ವರನ ವಿಷಯ ಓದುಗರಿಗೆ ಗೊತ್ತಿರಬೇಕು. ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣ ಬಣ್ಣ ಕಲಸಿಟ್ಟು, ಜೊತೆಗೊಂದು ಹುಕ್ಕಾ ಇಟ್ಟು ಬಂದರೆ, ಬೆಳಗಾಗುವುದರಲ್ಲಿ ಗುಡಿಗೆ ಸುಣ್ಣ ಹಚ್ಚಿರುತ್ತದೆ, ಹುಕ್ಕಾ ಸೇದಿದ ಗುರುತೂ ಇರುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಕೆಲಸ ಮುಗಿಸಿ ದಮ್ಮು ಹೊಡೆಯುವ ದೇವರ ಮೇಲೆ ನನಗೆ ಚಿಕ್ಕಂದಿನಿಂದ ವಿಶೇಷ ಪ್ರೀತಿ. ಮನೆಯಲ್ಲಿ ಲಗ್ನವೆಂದರೆ ಮೊದಲ ಖರ್ಚೇ ಸುಣ್ಣದ್ದು. ಅಸೂಟಿಯ ಮನೆಯ ಗೋಡೆಗೆ ಸುಣ್ಣ ಹಚ್ಚುವಾಗಲೆಲ್ಲ ಅವ್ವ, "ನಮ್ಮ ಕಾಲಕಾಲಪ್ಪ ಕೂಲಿ ಕೇಳಾಂಗಿಲ್ಲ" ಎಂದು ಗಂಡನ ಊರಿನ ಇನ್ನೊಂದು ಕೊರತೆಯನ್ನು ನೆನಪಿಸುತ್ತಿದ್ದಳು.

ಕಣಗಳು ಹೋದವು. ಮೊದಲು ಡಾಂಬರು ರಸ್ತೆಯ ಮೇಲೆ ತೆನೆ ಹರವಿ ಬಸ್ಸು ಲಾರಿಗಳಿಂದಲೇ ಹಂತಿ ಹೊಡೆಸಿದೆವು, ಆಮೇಲೆ ರಾಶಿ ಮಷಿನ್ ಬಂತು. ಅದಕ್ಕೆ ಗಾಳಿಯ ಹಂಗಿಲ್ಲ, ಹೊಟ್ಟೆಯಲ್ಲೇ ಫ್ಯಾನ್ ಇದೆ. ಗುಡ್ಡದ ಹೊಲಕ್ಕಿದ್ದ ಒಂದೇ ಹೆಮ್ಮೆಯೂ ಮಣ್ಣುಪಾಲಾಯಿತೆಂದು ಅಪ್ಪ ಅಂದುಕೊಂಡಿದ್ದ.

ಅದೇ ಹೊತ್ತಿಗೆ ಗುಡ್ಡಕ್ಕೆ ಗಾಳಿ ಅಳೆಯುವವರು ಬಂದರು. ಉದ್ದನೆಯ ಕಂಬ ನಿಲ್ಲಿಸಿ, ತುದಿಗೆ ಗಿರಗಿರ ತಿರುಗುವ ಬಟ್ಟಲು ಕಟ್ಟಿ ಹೋದರು. ಮಾವ ನಕ್ಕೂ ನಕ್ಕೂ ಸುಸ್ತಾದ. "ಗಾಳಿ ಅಳಿಯಾಕ ಪಗಾರ ಕೊಡತಾರಂತೋ!" ಮುಂದೆ ಕಪ್ಪತಗುಡ್ಡದಲ್ಲಿ, ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಎದ್ದ ಗಾಳಿಯಂತ್ರಗಳನ್ನು ಆ ರಸ್ತೆಯಲ್ಲಿ ಹೋದವರೆಲ್ಲ ನೋಡಿದ್ದಾರೆ. ನಗುತ್ತಿದ್ದ ಮಾವ ಆಗ ಕಾಯತೊಡಗಿದ. ಆದರೆ ಯಂತ್ರ ನಿಂತದ್ದು ಬದುವಿನ ಆಚೆಯವರ ಹೊಲದಲ್ಲಿ. ನಮ್ಮ ಮಾವನ ನಸೀಬು ಹೆಣ್ಣಿನ ವಿಷಯದಲ್ಲಿ ಹೇಗೋ ಯಂತ್ರದ ವಿಷಯದಲ್ಲೂ ಹಾಗೆ. ಅವನಿಗೆ ದಕ್ಕಿದ್ದು ರಸ್ತೆ. ಆ ಯಂತ್ರದ ಒಂದೊಂದು ರೆಕ್ಕೆಯೂ ಇಡಿಯಾಗಿ ಬರಬೇಕು, ಮಡಚಿ ತರುವ ಹಾಗಿಲ್ಲ. ಅದನ್ನು ಹೊತ್ತ ಗಾಡಿ ತಿರುಗಲೆಂದು ಬಂಡಿಜಾಡನ್ನು ಅಗಲ ಮಾಡಿ, ಖಡಿ ಹಾಕಿ, ರೋಲರ್ ಹೊಡೆದರು. ನಿಬ್ಬಣದ ಬಂಡಿಯೂ ಹತ್ತದ ಆ ಗುಡ್ಡವನ್ನು ಕಾರು ಹತ್ತುವಂತಾಯಿತು. ಲಗ್ನದ ಜಾಗವಾಗಲು ಗುಡಿ, ಕೆರೆ, ಚೆಲುವು ಎಲ್ಲಕ್ಕಿಂತ ಮೊದಲು ಬೇಕಾದದ್ದು ಕಾರು ತಿರುಗುವಷ್ಟು ದಾರಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಯಾವ ಫೋಟೋದಲ್ಲೂ ತೋರಿಸುವುದಿಲ್ಲ.

ಮೊದಲು ಬಂದವರು ಫೋಟೋದವರೇ. ಲಗ್ನದ ಮುಂಚೆಯೇ ಗಂಡು ಹೆಣ್ಣು ಓಡಾಡುವ ಚಿತ್ರ ತೆಗೆಯುವ ಕಾಲ. ಬೇರೆ ಕಡೆ ಸೆರಗು ಹಾರಿಸಲು ಫ್ಯಾನ್ ಹಿಡಿಯುತ್ತಾರಂತೆ, ಇಲ್ಲಿ ಹಾರುವ ಸೆರಗು ಹಿಡಿಯಲು ಆಳು ಬೇಕು. ಹಿಂದೆ ಗಾಳಿಯಂತ್ರ, ಮುಂದೆ ಗಜೇಂದ್ರಗಡದ ಮಗ್ಗದ ಪಟ್ಟೇದಂಚಿನ ಸೀರೆ. ಫೋಟೋದವರ ಹಿಂದೆ ಲಗ್ನವೂ ಬಂತು. ಮಾವನ ಮಗ ಕಚೇರಿ ಅಲೆದು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಒಂದಿಷ್ಟು ಗುಂಟೆ ಎನ್.ಎ. ಮಾಡಿಸಿದ. 2020ರಲ್ಲಿ ಭೂಸುಧಾರಣಾ ಕಾಯ್ದೆ ಸಡಿಲಾಗಿ ಒಕ್ಕಲಲ್ಲದವರೂ ಹೊಲ ಕೊಳ್ಳುವಂತಾದ ಮೇಲೆ ಬೆಂಗಳೂರಿನಿಂದಲೂ ಫೋನು ಬಂದವು. ಮಾರಲಿಲ್ಲ. ಅವನು ಮಾದರಿಯಾಗಿ ಹಿಡಿದದ್ದು ಚಿಕ್ಕಮಗಳೂರನ್ನು. ಅಲ್ಲಿ ಒಂದು ಕಾಫಿ ತೋಟಕ್ಕೆ ಹೋಗಿ ನೋಡಿ ಬಂದಿದ್ದ. 1989ರಲ್ಲಿ ಕಾಫಿಯ ಅಂತರರಾಷ್ಟ್ರೀಯ ಒಪ್ಪಂದದ ಪಾಲುಪಟ್ಟಿ ಮುರಿದು, ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ನೆಲಕಚ್ಚಿದಾಗ ಎಷ್ಟೋ ಮನೆತನದ ತೋಟಗಳು ಅತಿಥಿಗಳಿಗೆ ಬಾಗಿಲು ತೆರೆದವು. ಮಲಗುವ ಕೋಣೆಯ ಬಾಡಿಗೆಯಿಂದ ಲಗ್ನದ ಬಾಡಿಗೆಗೆ ಒಂದೇ ಹೆಜ್ಜೆ. "ಅಲ್ಲೆ ಕಾಫಿ ಒಣಗಸೂ ಕಣದಾಗ ಅಕ್ಕಿಕಾಳ ಒಗಿತಾರಪಾ, ನಾವು ರಾಶಿ ಕಣದಾಗ ಒಗಸೂಣು" ಎಂದ. ಬಾಬಾಬುಡನ್ ಏಳು ಬೀಜ ತಂದ ಗುಡ್ಡಕ್ಕೂ ಹುರಳಿ ಬೆಳೆಯುವ ನಮ್ಮ ಗುಡ್ಡಕ್ಕೂ ಹೀಗೆ ಸಂಬಂಧ ಕೂಡಿತು.

ಗುಡ್ಡದ ಆ ಹೊಲದಲ್ಲಿ ಮಟ್ಟಸವಾದ ನೆಲವೆಂದರೆ ಹಳೆಯ ಕಣ ಒಂದೇ. ಹುಲ್ಲುಹಾಸು ಅಲ್ಲೇ ಆಗಬೇಕು. ತಲೆಮಾರುಗಳ ಎತ್ತು ತುಳಿದು ಕಲ್ಲಾದ ನೆಲ ಹುಲ್ಲಿನ ಬೇರನ್ನು ಒಳಗೆ ಬಿಡಲಿಲ್ಲ. ಕೊನೆಗೆ ಕೆಳಗಿನಿಂದ ಟ್ರ್ಯಾಕ್ಟರಿನಲ್ಲಿ ಎರಿ ಮಣ್ಣು ಹೇರಿಸಿ, ಗೊಬ್ಬರ ಕೂಡಿಸಿ ಹರವಿದರು. ಈಗ ಯಾರಾದರೂ "ಎರಿ ಎಷ್ಟೈತ್ರಿ?" ಎಂದರೆ ನಮ್ಮವರು ಲೆಕ್ಕ ಕೊಡಬಹುದು. ಆದರೆ ಕೇಳುವವರು ಯಾರು? ಈಗಿನ ಪ್ರಶ್ನೆ "ಹುಡುಗ ಎಲ್ಲದಾನ್ರಿ?" ಎಂಬುದು. ಊರಾಗ ಅದಾನ, ಹೊಲ ನೋಡ್ಕೊಂಡು ಅದಾನ ಎಂದರೆ ಚಹಾ ಒಳಗಿನಿಂದ ಬರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ರೈತ ಹುಡುಗರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕಾವೇರಿಯ ನೀರುಣ್ಣುವ ಸೀಮೆಯ ಗತಿಯೇ ಹೀಗಾದರೆ ಕಾಲುವೆಯ ತುದಿಯವರ ಮಾತೇನು! ಪೇಪರಿನಲ್ಲಿ ಅದನ್ನು ಓದಿ ಹೇಳಿದಾಗ ಅವ್ವನಿಗೆ ಮರುಕಕ್ಕಿಂತ ಹೆಚ್ಚಾಗಿ ಯಾವುದೋ ಹಳೆಯ ಬಾಕಿ ತೀರಿದ ಸಮಾಧಾನ ಕಂಡಿತು.

ಹೋದ ವೈಶಾಖದಲ್ಲಿ ಮಾವನ ಮೊಮ್ಮಗಳ ಲಗ್ನ ಗೊತ್ತಾಯಿತು. ಅಯ್ಯನವರು ತೆಗೆದುಕೊಟ್ಟ ಮುಹೂರ್ತಗಳೆಲ್ಲ ಹೊಲದ ಡೈರಿಯಲ್ಲಿ ಮೊದಲೇ ತುಂಬಿದ್ದವು. "ಮನಿ ಲಗ್ನ ಅಂತ ಹೇಳಿ ರೊಕ್ಕ ತಿರಗಿ ಕೊಡೋ" ಎಂದು ಹುಡುಗಿಯ ಅಪ್ಪನಾದ ಮಾವನ ಮಗನಿಗೆ ಅವ್ವ ಹೇಳಿ ನೋಡಿದಳು. "ಅಡ್ವಾನ್ಸ್ ತಗೊಂಡೀನಿ ಅತ್ತಿ, ಮಾತ ತಪ್ಪಿದರ ಮುಂದಿನ ಸೀಸನ್ನಿಗೆ ಯಾರು ಬರ್ತಾರ?" ಎಂದ. ಹೀಗೆ ಆ ಮನೆತನದ ಹುಡುಗಿಯ ಲಗ್ನ ಅಸೂಟಿಯಲ್ಲಿ ನಮ್ಮ ಮನೆಯ ಮುಂದೆ ಹಂದರ ಹಾಕಿ ಆಯಿತು. ಅತ್ತಿಯ ಹಾಲಗಂಬ, ಕುಂಬಾರರ ಮನೆಯಿಂದ ಐರಾಣಿ ಗಡಿಗೆ, ಪಂಕ್ತಿಗೆ ಗೋಧಿಹುಗ್ಗಿ. ಒಂದು ಎಲೆ ಅಲುಗದ ಸೆಕೆ. ಅವ್ವ ಬೀಸಣಿಗೆ ಹಿಡಿದು ಬಾಗಿಲಲ್ಲಿ ಕೂತು, ಬಂದ ಬೀಗರಿಗೆಲ್ಲ ಈ ಊರಿನಲ್ಲಿ ಗಾಳಿಯೇ ಇಲ್ಲವೆಂಬುದನ್ನು ವಿವರಿಸುತ್ತಿದ್ದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿಯ ಅಪ್ಪ ಕಾಣಲಿಲ್ಲ. ಹುಡುಕಿದರೆ ಹಿತ್ತಲಲ್ಲಿ ನಿಂತು ಗುಡ್ಡದ ಮೇಲಿನ ಆಳಿನ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದ. "ಶಾಮಿಯಾನ ಹಾರಿತು ಅಂದರ ಏನಲೇ? ಎಲ್ಲಿಗಿ ಹಾರೇತಿ? ಹಗ್ಗ ಹಿಡೀರಿ ಮೊದಲ, ಬೀಗರಿಗೆ ಇನ್ನೊಂದ್ಸರ್ತಿ ಚಹಾ ಕೊಡ್ರಿ!"