ಗಿರಾಕಿ ಕೇಳುವ ಪ್ರಶ್ನೆ, ಜಾಲತಾಣ ಕೊಡುವ ಉತ್ತರ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ನಂಜನಗೂಡು ಎಂದರೆ ಹೊರಗಿನವರಿಗೆ ಥಟ್ಟನೆ ನೆನಪಾಗುವುದು ಮೂರು: ಶ್ರೀಕಂಠೇಶ್ವರನ ದೇವಸ್ಥಾನ, ರಸಬಾಳೆ, ಹಲ್ಲುಪುಡಿ. ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆ ಆರಂಭಿಸಿದ್ದು 1913ರಲ್ಲಿ. ಆಗ ಟಿ.ವಿ. ಇರಲಿಲ್ಲ, ನಮ್ಮ ದೇಶದಲ್ಲಿ ರೇಡಿಯೋ ಕೂಡ ಶುರುವಾಗಿರಲಿಲ್ಲ. ಆದರೂ ‘ನಂಜನಗೂಡು ಹಲ್ಲುಪುಡಿ’ ಎಂಬ ಎರಡು ಪದ ಮನೆಮನೆಗೂ ತಲುಪಿತು. ಎಲ್ಲಿಯದು, ಏನು ಎಂಬ ಎರಡು ಪ್ರಶ್ನೆಗೂ ಆ ಹೆಸರಿನಲ್ಲೇ ಉತ್ತರವಿತ್ತು. ನಮ್ಮ ಅಂಗಡಿಯ ಜಾಲತಾಣವನ್ನು ಸರಿಪಡಿಸಲು ಬೇಸಿಗೆ ರಜೆಯಲ್ಲಿ ಕೂತಾಗ ನಾನು ಮಾದರಿಯಾಗಿ ಇಟ್ಟುಕೊಂಡದ್ದು ಈ ಹೆಸರನ್ನೇ.

ನಮ್ಮದು ಹತ್ತಿ ಹಾಸಿಗೆ, ದಿಂಬು ಮಾಡುವ ಕೆಲಸ. ದಾದಾ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರಂತೆ. ಈಗ ಅದಕ್ಕೆ ಮಷೀನಿದೆ. ನಂಜನಗೂಡಿನ ಅಂಗಡಿಯನ್ನು ಅಬ್ಬಾ ನೋಡಿಕೊಳ್ಳುತ್ತಾರೆ, ಟಿ. ನರಸೀಪುರದ್ದನ್ನು ಮಾಮು. ಮದುವೆಗೆ ಹಾಸಿಗೆ ಕೊಡುವ ವಾಡಿಕೆ ಇರುವುದರಿಂದ ಮದುವೆ ಸೀಸನ್‌ನಲ್ಲಿ ಕೈತುಂಬ ಕೆಲಸವಿರುತ್ತಿತ್ತು. ಆದರೆ ಈಗ ಫೋನಿನಲ್ಲಿ ಒತ್ತಿದರೆ ಸಾಕು, ಫೋಮ್ ಹಾಸಿಗೆ ಸುರುಳಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನಮ್ಮ ಆರ್ಡರ್‌ಗಳು ಕಡಿಮೆಯಾದವು. ಹೊಲಿಗೆಯ ಇಬ್ಬರಲ್ಲಿ ಒಬ್ಬರನ್ನು ಬಿಡಿಸಬೇಕಾಗಬಹುದು ಎಂದು ಅಬ್ಬಾ ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಆ ಒಬ್ಬರು ನಾನು ಹುಟ್ಟುವ ಮೊದಲಿಂದಲೂ ನಮ್ಮಲ್ಲೇ ದುಡಿಯುತ್ತಿರುವವರು.

ಹಾಗೆಂದು ನಮಗೆ ಜಾಲತಾಣ ಇರಲಿಲ್ಲ ಎಂದಲ್ಲ. ಮೂರು ವರ್ಷದ ಹಿಂದೆಯೇ ಒಬ್ಬರು ಹಣ ತೆಗೆದುಕೊಂಡು ಮಾಡಿಕೊಟ್ಟಿದ್ದರು. ತೆರೆದರೆ ಯಾವುದೋ ದೇಶದ ಮಲಗುವ ಕೋಣೆಯ ಚಿತ್ರಗಳು ಒಂದಾದ ಮೇಲೊಂದು ಜಾರುತ್ತಿದ್ದವು. ಕೆಳಗೆ ಇಂಗ್ಲಿಷಿನಲ್ಲಿ ಉದ್ದನೆಯ ಸ್ವಾಗತ. ಫೋನ್ ನಂಬರ್ ಎಲ್ಲಕ್ಕಿಂತ ಕೊನೆಯಲ್ಲಿ, ಅದೂ ಚಿತ್ರದೊಳಗೆ. ಮುಟ್ಟಿದರೆ ಕರೆ ಹೋಗದು. ಪುಟದ ಶೀರ್ಷಿಕೆಯಲ್ಲಿ ಬರೀ ‘ಹೋಮ್’ ಎಂದಿತ್ತು. ಹಾಸಿಗೆ ಎಂಬ ಪದವಾಗಲಿ, ನಂಜನಗೂಡು ಎಂಬ ಹೆಸರಾಗಲಿ ಆ ಜಾಗದಲ್ಲಿ ಇರಲಿಲ್ಲ. ಹುಡುಕುವವರಿಗೆ ನಾವು ಸಿಗುವುದಾದರೂ ಹೇಗೆ?

ಕಂಪ್ಯೂಟರ್ ಮುಟ್ಟುವ ಮೊದಲು ಹತ್ತು ದಿನ ಅಂಗಡಿಯಲ್ಲಿ ಕೂತು, ಬಂದವರು ಮತ್ತು ಫೋನ್ ಮಾಡಿದವರು ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. “ಸಾಬ್ರೇ, ಡಬಲ್ ಹಾಸಿಗೆಗೆ ಎಷ್ಟಾಯ್ತದೆ?” “ಇದು ಬೂರುಗದ ಹತ್ತಿಯೋ, ಸಾದಾ ಹತ್ತಿಯೋ?” “ಹಳೇ ಹಾಸಿಗೆ ತಂದ್ರೆ ಹಿಂಜಿ ಹೊಸದಾಗಿ ಹೊಲ್ಕೊಡ್ತೀರಾ?” “ಎಷ್ಟು ದಿನ ಬೇಕು?” “ನರಸೀಪುರಕ್ಕೆ ಕಳಿಸ್ಕೊಡ್ತೀರಾ?” “ಶುಕ್ರವಾರ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?” ಕೊನೆಗೆ ಎಣಿಸಿದರೆ ಬೇರೆ ಬೇರೆ ಪ್ರಶ್ನೆಗಳು ಹದಿನಾಲ್ಕೇ. ಎಲ್ಲರೂ ಅವನ್ನೇ ತಿರುಗಾಮುರುಗಾ ಕೇಳುತ್ತಾರೆ. ನಮ್ಮ ಹಳೆಯ ಜಾಲತಾಣದಲ್ಲಿ ಈ ಹದಿನಾಲ್ಕರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ಹೊಸ ಪುಟವನ್ನು ಆ ನೋಟ್‌ಬುಕ್ಕಿನಿಂದಲೇ ಕಟ್ಟಿದೆ. ಮೊದಲ ಸಾಲು: ‘ನಂಜನಗೂಡು ಮತ್ತು ಟಿ. ನರಸೀಪುರದಲ್ಲಿ ಹತ್ತಿ ಹಾಸಿಗೆ, ದಿಂಬು ಮಾಡಿಕೊಡುತ್ತೇವೆ. ಹಳೆಯದನ್ನು ಹಿಂಜಿ ಹೊಲಿದುಕೊಡುತ್ತೇವೆ.’ ಅದರ ಕೆಳಗೇ ಮುಟ್ಟಿದರೆ ಕರೆ ಹೋಗುವ ನಂಬರ್, ವಾಟ್ಸಾಪ್ ಗುಂಡಿ. ಆಮೇಲೆ ಪ್ರಶ್ನೆಗಳು, ಗಿರಾಕಿಗಳು ಕೇಳಿದ ಮಾತಿನಲ್ಲೇ. ಶುಕ್ರವಾರ ಜುಮಾ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ ಎಂಬುದನ್ನೂ ಸಮಯದ ಸಮೇತ ಬರೆದೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಬೀಗ ನೋಡಿ ವಾಪಸ್ ಹೋಗಬಾರದಲ್ಲವೇ?

ಬೆಲೆ ಹಾಕುವುದಕ್ಕೆ ಮಾತ್ರ ಅಬ್ಬಾ ಒಪ್ಪಲಿಲ್ಲ. “ಬೇರೆ ಅಂಗಡಿಯವರು ನೋಡಿ ಐವತ್ತು ರೂಪಾಯಿ ಕಮ್ಮಿ ಹೇಳ್ತಾರೆ ಬೇಟಾ” ಎಂದರು. “ಬೆಲೆ ಕಾಣದಿದ್ದರೆ ಗಿರಾಕಿ ಫೋನೇ ಮಾಡದೆ ಮುಂದಿನ ಪುಟಕ್ಕೆ ಹೋಗ್ತಾರೆ ಅಬ್ಬಾ” ಎಂದೆ. ಕೊನೆಗೆ ಎಷ್ಟರಿಂದ ಶುರು ಎಂಬುದನ್ನು ಬರೆದು, ಎಷ್ಟು ಕಿಲೋ ಹತ್ತಿ, ಯಾವ ಬಟ್ಟೆ, ಮಂಚದ ಅಳತೆ ಎಷ್ಟು ಎಂಬುದರ ಮೇಲೆ ಬೆಲೆ ಹೇಗೆ ಏರುತ್ತದೆ ಎಂದು ವಿವರಿಸಿದೆವು. ಈಗ ಕರೆ ಮಾಡುವವರು ಅಳತೆ ಹಿಡಿದುಕೊಂಡೇ ಮಾತಾಡುತ್ತಾರೆ.

ಊರಿನ ಹೆಸರಿನಲ್ಲಿ ಇನ್ನೊಂದು ತೊಡಕಿತ್ತು. ತಿರುಮಕೂಡಲು ನರಸೀಪುರವನ್ನು ಕೆಲವರು ಟಿ. ನರಸೀಪುರ ಎನ್ನುತ್ತಾರೆ, ಕೆಲವರು ತಿ. ನರಸೀಪುರ ಎಂದು ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರು ಒಬ್ಬೊಬ್ಬರು ಒಂದೊಂದು ಥರ. ನಂಜನಗೂಡಿಗೂ ಅದೇ ಪಾಡು. ಹುಡುಕುವ ಯಂತ್ರಗಳು ಎಷ್ಟೋ ಸಲ ಇದನ್ನು ಅರ್ಥ ಮಾಡಿಕೊಳ್ಳುತ್ತವೆ ನಿಜ, ಆದರೂ ವಿಳಾಸ ಬರೆಯುವಲ್ಲಿ ಎರಡೂ ಲಿಪಿಯಲ್ಲಿ, ಜನ ಬಳಸುವ ರೂಪಗಳಲ್ಲೇ ಬರೆದೆ. ಒಂದೇ ಪದವನ್ನು ನೂರು ಸಲ ತುರುಕಿದರೆ ಲಾಭವಿಲ್ಲ; ಅಂಥ ಪುಟಗಳನ್ನು ಗೂಗಲ್ ಕೆಳಕ್ಕೆ ತಳ್ಳುತ್ತದೆ.

ಆಮೇಲೆ ವೇಗದ ವಿಷಯ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂಬುದು ಗೂಗಲ್ ಹೇಳುವ ಅಳತೆ. ಅವರದೇ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಉಚಿತ ಸಾಧನದಲ್ಲಿ ನಮ್ಮ ವಿಳಾಸ ಹಾಕಿದರೆ ಎಲ್ಲಿ ತಡವಾಗುತ್ತಿದೆ ಎಂದು ತೋರಿಸುತ್ತದೆ. ಹಳೆಯ ಪುಟದ ಚಿತ್ರಗಳು ಒಂದೊಂದೂ ಮೂರ್ನಾಲ್ಕು ಎಂ.ಬಿ. ಇದ್ದವು. ಅವನ್ನು ತೆಗೆದು, ನಮ್ಮ ಅಂಗಡಿಯಲ್ಲೇ ಫೋಟೊ ತೆಗೆದು, ಅಗಲ ಕಡಿಮೆ ಮಾಡಿ, ‘ವೆಬ್‌ಪಿ’ ರೂಪಕ್ಕೆ ಬದಲಿಸಿದಾಗ ಒಂದೊಂದೂ ನೂರೈವತ್ತು ಕೆ.ಬಿ. ಒಳಗೆ ಬಂತು. ಜಾರುವ ಚಿತ್ರಗಳನ್ನು ಪೂರ್ತಿ ಕಿತ್ತುಹಾಕಿದೆ. ಪರೀಕ್ಷೆ ಮಾಡಿದ್ದು ಸುತ್ತೂರಿನ ಹತ್ತಿರದ ನೆಂಟರ ಮನೆಯಲ್ಲಿ, ಅಮ್ಮಿಯ ಹಳೆಯ ಫೋನಿನಲ್ಲಿ, ಸಿಗ್ನಲ್ ಎರಡು ಗೆರೆ ಇದ್ದಾಗ. ಅಲ್ಲಿ ತೆರೆದುಕೊಂಡರೆ ಎಲ್ಲಿಯಾದರೂ ತೆರೆದುಕೊಳ್ಳುತ್ತದೆ.

ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಉಚಿತವಾಗಿ ಸೇರಿಸುವ ‘ಬಿಸಿನೆಸ್ ಪ್ರೊಫೈಲ್’ ಇರುವಾಗ ಬೇರೆ ಜಾಲತಾಣ ಏಕೆ ಎಂದು ಮಾಮು ಕೇಳಿದರು. ಆ ಪ್ರೊಫೈಲ್ ಬೇಕೇ ಬೇಕು. ಎರಡೂ ಅಂಗಡಿಗಳನ್ನು ಸೇರಿಸಿದೆವು. ಆದರೆ ಅದರ ಜೊತೆಗೆ ಗೂಗಲ್ ಕೊಡುತ್ತಿದ್ದ ಉಚಿತ ಜಾಲತಾಣ ಸೌಲಭ್ಯ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅದನ್ನೇ ನೆಚ್ಚಿಕೊಂಡಿದ್ದ ಅಂಗಡಿಗಳು ಬೇರೆ ದಾರಿ ಹುಡುಕಬೇಕಾಯಿತು. ಬೇರೆಯವರ ಜಗಲಿಯಲ್ಲಿ ಅಂಗಡಿ ಇಟ್ಟರೆ ಅವರು ಏಳು ಎಂದಾಗ ಏಳಬೇಕು. ಸ್ವಂತ ವಿಳಾಸವೂ ಸ್ವಂತ ಹೆಸರಿನಲ್ಲೇ ಇರಬೇಕು. ನಮ್ಮ ವಿಳಾಸವನ್ನು ಹಳೆಯ ಜಾಲತಾಣ ಮಾಡಿದವರು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರು. ಅದನ್ನು ಅಬ್ಬಾನ ಹೆಸರಿಗೆ ಬರೆಸಿಕೊಳ್ಳಲು ಎರಡು ತಿಂಗಳು ಅಲೆಯಬೇಕಾಯಿತು.

ಇಷ್ಟರಲ್ಲಿ ಮಾಮುವಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು: ಇಷ್ಟು ಹಣ ಕೊಟ್ಟರೆ ಐವತ್ತು ಜನರಿಂದ ಐದು ನಕ್ಷತ್ರದ ವಿಮರ್ಶೆ ಬರೆಸಿಕೊಡುತ್ತೇವೆ. “ಎಲ್ಲರೂ ಮಾಡಿಸ್ತಾರೆ, ನಾವೂ ಮಾಡಿಸೋಣ” ಎಂದು ಮಾಮು ಹೇಳಿದರು. ಮಾರುವವರೇ ಗ್ರಾಹಕರ ವೇಷದಲ್ಲಿ ವಿಮರ್ಶೆ ಬರೆಯಬಾರದು ಎಂದು ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ‘ಐಎಸ್ 19000’ ಎಂಬ ಮಾನದಂಡವನ್ನೂ ತಂದಿದೆ. ಇದನ್ನು ನಾನು ಓದಿ ಹೇಳಿದೆ. ಅಬ್ಬಾ ನಿಯಮದ ಮಾತೆತ್ತಲಿಲ್ಲ. “ಹಾಸಿಗೆ ಹೊಲಿದ ಮೇಲೆ ಒಳಗೆ ಏನು ತುಂಬಿದೆ ಅಂತ ಗಿರಾಕಿಗೆ ಕಾಣೋದಿಲ್ಲ. ಅದಕ್ಕೇ ಹೊಲಿಯೋಕೆ ಮುಂಚೆ ಅವರನ್ನ ಕರೆದು ಹತ್ತಿ ಮುಟ್ಟಿಸ್ತೀವಿ. ಇದೂ ಹಾಗೇ ಇರಲಿ” ಎಂದರು. ಮಾಮು ಆ ಸಂದೇಶಕ್ಕೆ ಉತ್ತರಿಸಲಿಲ್ಲ.

ಅಬ್ಬಾನ ಮಾತಿನಿಂದಲೇ ನನಗೆ ಒಂದು ಯೋಚನೆ ಹೊಳೆಯಿತು. ಹತ್ತಿ ಹಿಂಜುವುದು, ತೂಕ ಹಾಕುವುದು, ಬಟ್ಟೆಯೊಳಗೆ ತುಂಬುವುದು, ಬಾಯಿ ಹೊಲಿಯುವುದು – ಇಷ್ಟನ್ನೂ ಒಂದು ನಿಮಿಷದ ವಿಡಿಯೋ ಮಾಡಿ ಪುಟದಲ್ಲಿ ಹಾಕಿದೆ. ವೇಗ ಕೆಡದಿರಲೆಂದು ಮುಟ್ಟಿದಾಗ ಮಾತ್ರ ಓಡುವಂತೆ ಇಟ್ಟೆ. ಹಾಸಿಗೆ ತೆಗೆದುಕೊಂಡು ಹೋದವರಿಗೆ ಹದಿನೈದು ದಿನ ಬಿಟ್ಟು ಸಂದೇಶ ಕಳಿಸಿ, ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದು ಕೇಳುತ್ತೇವೆ. ಒಬ್ಬರು ‘ಹಾಸಿಗೆ ಚೆನ್ನಾಗಿದೆ, ಹೇಳಿದ ದಿನಕ್ಕಿಂತ ಮೂರು ದಿನ ತಡ ಮಾಡಿದರು’ ಎಂದು ಮೂರು ನಕ್ಷತ್ರ ಕೊಟ್ಟರು. ಮಳೆಗೆ ಹತ್ತಿ ಒಣಗಲಿಲ್ಲ, ಕ್ಷಮಿಸಿ ಎಂದು ಅಬ್ಬಾನ ಪರವಾಗಿ ಉತ್ತರ ಬರೆದೆ. ಅದನ್ನು ಓದಿಯೇ ಫೋನ್ ಮಾಡಿದೆ ಎಂದ ಗಿರಾಕಿಯೂ ಇದ್ದಾರೆ!

ಈಗ ಪರಿಸ್ಥಿತಿ ಹೇಗಿದೆ? ಮೊದಲು ತಿಂಗಳಿಗೆ ಒಂದೆರಡು ಕರೆ ಬರುತ್ತಿತ್ತು, ಈಗ ವಾರಕ್ಕೆ ಮೂರ್ನಾಲ್ಕು ಬರುತ್ತವೆ. ಕರೆ ಮಾಡಿದವರೆಲ್ಲ ಕೊಳ್ಳುವುದಿಲ್ಲ. ಹೊಸ ಹಾಸಿಗೆಗಿಂತ ಹಳೆಯದನ್ನು ಹಿಂಜಿಸುವ ಕೆಲಸವೇ ಹೆಚ್ಚು ಬರುತ್ತಿದೆ. ಅದು ಪೆಟ್ಟಿಗೆಯ ಹಾಸಿಗೆಯವರು ಮಾಡದ ಕೆಲಸ. ಹೊಲಿಗೆಯವರನ್ನು ಬಿಡಿಸುವ ಮಾತು ಸದ್ಯಕ್ಕೆ ನಿಂತಿದೆ. ಮುಂದಿನ ಮಳೆಗಾಲ ಹೇಗಿರುತ್ತದೋ ನೋಡಬೇಕು.

ನಮ್ಮ ಕಾಲೇಜಿನಲ್ಲಿ ಎಷ್ಟೋ ಗೆಳತಿಯರ, ಗೆಳೆಯರ ಮನೆಯಲ್ಲಿ ಟೈಲರಿಂಗ್, ವೆಲ್ಡಿಂಗ್, ಅಡುಗೆ ಕಾಂಟ್ರಾಕ್ಟ್, ಹಣ್ಣಿನ ಮಂಡಿ ಇವೆ. ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಅಂಗಡಿಯಲ್ಲಿ ಹತ್ತು ದಿನ ಕೂತು, ಬಂದವರು ಕೇಳಿದ್ದನ್ನೆಲ್ಲ ಬರೆದುಕೊಳ್ಳಿ. ಪುಟ ಕಟ್ಟಲು ಸಹಾಯ ಬೇಕಿದ್ದರೆ ಊಟದ ವಿರಾಮದಲ್ಲಿ ಗ್ರಂಥಾಲಯಕ್ಕೆ ಬನ್ನಿ, ಸೇರಿ ಮಾಡೋಣ. ನೋಟ್‌ಬುಕ್ ಮಾತ್ರ ಮರೆಯದೆ ತನ್ನಿ.