ಬಾಗಲಕೋಟೆ ಬಿಸಿಲಲ್ಲಿ ಒಂದು ವಾರ

ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆಗೆ ಟ್ರಿಪ್ ಅಂದಾಗ ಹಾಸ್ಟೆಲಲ್ಲಿ ಎಲ್ರೂ ನಕ್ಕರು. "ರೊಟ್ಟಿ ಥರ ಸುಟ್ಟು ಬರ್ತೀರಿ ನೋಡ್ರೋ" ಅಂದ್ರು. ಆದರೆ ಜೇಬಲ್ಲಿ ದುಡ್ಡು ಕಮ್ಮಿ, ಗೆಳೆಯನ ಮನೆ ಅಲ್ಲೇ ನವನಗರದಲ್ಲಿ. ನಾವು ಐದು ಜನ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿಬಿಟ್ವಿ.

ಮೊದಲು ಇಳಿದದ್ದು ಬಾದಾಮಿಯಲ್ಲಿ. ಹತ್ತು ಗಂಟೆಗೇ ಕೆಂಪು ಬಂಡೆ ಕಾದ ಹೆಂಚಾಗಿತ್ತು. ಮೂರನೇ ಗುಹೆಯೊಳಗೆ ಕಾಲಿಟ್ಟ ಕೂಡಲೇ ತಂಪು! ಚಾಲುಕ್ಯ ಮಂಗಳೇಶ ಮಾಡಿಸಿದ ಈ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಅಗಸ್ತ್ಯ ತೀರ್ಥದ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಗಳಲ್ಲಿ ಒಂದು. ಕನ್ನಡ ಸಂಘದವರು ಅಂತ ಹೇಳಿಕೊಂಡು ಅದನ್ನು ನೋಡದೆ ಬರೋಕಾಗುತ್ತಾ? ಮಧ್ಯಾಹ್ನ ಬನಶಂಕರಿಗೆ ಹೋದ್ವಿ. ಬುಟ್ಟಿ ಹೊತ್ತು ಬಂದ ಅಕ್ಕನೊಬ್ಬಳು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. "ಇನ್ನೊಂದು ಹಾಕ್ಕೋರಿ ತಮ್ಮಾ, ಬಿಸಲಾಗ ತಿರಗಾವ್ರು" ಅಂತ ಒತ್ತಾಯ ಬೇರೆ.

ಮುಂದೆ ಹುನಗುಂದದ ಕಡೆ. ಐಹೊಳೆಯ ಮೇಗುತಿ ಗುಡ್ಡ ಹತ್ತಿ ರವಿಕೀರ್ತಿಯ 634ರ ಶಾಸನ ನೋಡಿ, ಕೂಡಲಸಂಗಮಕ್ಕೆ ಹೋದ್ವಿ. ಕೃಷ್ಣೆ, ಮಲಪ್ರಭೆ ಸೇರುವ ಜಾಗ. ಬಸವಣ್ಣನವರ ಐಕ್ಯ ಮಂಟಪ ನಾರಾಯಣಪುರ ಜಲಾಶಯದ ಹಿನ್ನೀರಲ್ಲಿ ಮುಳುಗದ ಹಾಗೆ ಸುತ್ತಲೂ ಎತ್ತರದ ದುಂಡು ಗೋಡೆ ಕಟ್ಟಿದ್ದಾರೆ. ಬಾವಿಗೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗಬೇಕು. ನಮ್ಮ ಸಿವಿಲ್ ಗೆಳೆಯ ಗೋಡೆ ಮುಟ್ಟಿ ನೀರಿನ ಒತ್ತಡದ ಲೆಕ್ಕ ಶುರು ಮಾಡಿದ. ಬಾಗಲಕೋಟೆಯ ಗೆಳೆಯ ಮಾತ್ರ ಸುಮ್ಮನಿದ್ದ. ಆಮೇಲೆ ಒಂದೇ ಮಾತು ಅಂದ: "ಎಲ್ಲಾದಕ್ಕೂ ಹಿಂಗ ಗ್ವಾಡಿ ಕಟ್ಟಾಕ ಆಗೂದಿಲ್ಲಲೇ."

ಇಳಕಲ್‌ನಲ್ಲಿ ಬೀದಿ ತುಂಬ ಮಗ್ಗದ ಸದ್ದು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಅಜ್ಜ ನಮಗೆ ಕೊಂಡಿ ತೋರಿಸಿದರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಗೂ ಒಂದೊಂದು ಎಳೆ ಸಿಕ್ಕಿಸಿ ಜೋಡಿಸಬೇಕು. "ಅವಸರ ಮಾಡಿದ್ರ ಸೆರಗು ಬ್ಯಾರೆ, ಸೀರಿ ಬ್ಯಾರೆ" ಅಂದು ನಕ್ಕರು ಅಜ್ಜ.

ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬಾಗಲಕೋಟೆ ಸೇರಿದ್ವಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋಗಿದೆ, ಉಳಿದ ಭಾಗದಲ್ಲಿ ಸಂತೆ, ಅಂಗಡಿ ಇನ್ನೂ ಗಿಜಿಗಿಜಿ. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರೇ ನವನಗರ: ಅಗಲ ರಸ್ತೆ, ನಂಬರ್ ಹಾಕಿದ ಸೆಕ್ಟರ್‌ಗಳು. ಗೆಳೆಯನ ಆಯಿಗೆ "ಹೊಸ ಊರು ಚೊಲೋ ಐತಲ್ರಿ ಆಯಿ?" ಅಂತ ಕೇಳಿದ್ವಿ.

"ಚೊಲೋ ಐತಿ. ಸೆಕ್ಟರ್ ನಂಬರ್ ಹೇಳಿದ್ರ ಮನಿ ಸಿಗತೈತಿ. ಆಗ ಓಣಿ ಹೆಸರು ಹೇಳಿದ್ರ ಮಂದಿನ ಸಿಗ್ತಿದ್ರು" ಅಂದ್ರು. ಸಂಜೆ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿ, ನೀರಿನ ಕಡೆ ಕೈ ಮಾಡಿ "ಅಲ್ಲೆ ನಮ್ಮ ಕಟ್ಟಿ ಇತ್ತು" ಅಂತ ತೋರಿಸಿದರು. ನಮಗೆ ಕಂಡದ್ದು ಬರೀ ನೀರು.

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ಜಲ ವಿವಾದ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಏರಿಸಲು ಒಪ್ಪಿದೆ. ವ್ಯತ್ಯಾಸ ಐದು ಮೀಟರ್‌ಗಿಂತ ಕಮ್ಮಿ, ಡ್ರಾಯಿಂಗ್ ಶೀಟಿನಲ್ಲಿ ಒಂದು ಗೆರೆ ಮೇಲೆ ಇನ್ನೊಂದು ಗೆರೆ ಅಷ್ಟೇ. ಆ ನೀರಿಗೆ ಬಾಯಾರಿ ಕಾದಿರುವ ಹೊಲಗಳೂ ಇವೆ, ಆ ಗೆರೆಗಳ ನಡುವೆ ಇನ್ನಷ್ಟು ಕಟ್ಟೆ, ಓಣಿಗಳೂ ಇವೆ. ಎರಡೂ ನಿಜ. ನಾಳೆ ಇಂಥ ಗೆರೆ ಎಳೆಯುವವರು ನಾವೇ, ನಮ್ಮ ನಿಮ್ಮಂಥವರೇ. ನೀರು ಎಲ್ಲಿವರೆಗೆ ಬರುತ್ತೆ ಅನ್ನೋ ಲೆಕ್ಕವನ್ನು ಕಾಲೇಜು ಕಲಿಸುತ್ತೆ. ಎದ್ದು ಹೋದವರನ್ನು ಹೊಸ ಊರಿಗೆ ಎಳೆ ಎಳೆಯಾಗಿ ಜೋಡಿಸೋ ಲೆಕ್ಕವನ್ನು ಯಾರ ಹತ್ತಿರ ಕಲಿಯೋದು?

ಈ ಸಲದ ರಜೆಗೆ ಆ ಕಡೆ ಹೋಗಿ ಬನ್ನಿ. ಟೋಪಿ, ನೀರಿನ ಬಾಟಲಿ ಮರೀಬೇಡಿ. ಗುಡಿ, ಗುಹೆ ನೋಡಿದ ಮೇಲೆ ಯಾರದಾದರೂ ಮನೆಯ ಕಟ್ಟೆ ಮೇಲೆ ಒಂದು ಗಂಟೆ ಕೂತು, ಅವರ ಹಳೇ ಓಣಿಯ ಹೆಸರು ಕೇಳಿ.