ಬಾಣಂತಿ ಕುದುರೆ

ನಾನು ಹುಣಸೂರಿನಲ್ಲಿ ಬಾಲಕನಾಗಿದ್ದಾಗ ನೆರೆಮನೆಯ ಜಟಕಾ ಸಾಹೇಬರ ಕುದುರೆಯು ಮರಿ ಹಾಕಿತು. ಬಡವರಾದ ಅವರು ರಾಗಿಹುಲ್ಲಿಗಿಂತ ಹೆಚ್ಚಿನದನ್ನು ಹಾಕಲಾರದವರಾಗಿದ್ದರು. ತಾಯಿಯ ಪಕ್ಕೆಲುಬುಗಳೆದ್ದವು, ಮರಿಯು ಬತ್ತಿದ ಕೆಚ್ಚಲನ್ನು ಮತ್ತೆ ಮತ್ತೆ ಗುದ್ದುತ್ತಿದ್ದಿತು. ಇದನ್ನು ಕಂಡ ನನ್ನ ತಾಯಿಯವರು, ಕಟ್ಟಿನ ಸಾರಿಗಾಗಿ ಬೇಯಿಸಿ ನಮ್ಮ ಹಸುವಿಗೆ ಹಾಕುತ್ತಿದ್ದ ಹುರುಳಿಕಾಳನ್ನು ದಿನವೂ ನನ್ನ ಕೈಯಲ್ಲಿ ಅಲ್ಲಿಗೆ ಕಳುಹಿಸತೊಡಗಿದರು. "ಹಸು ಈಗ ಕರೆಯುತ್ತಿಲ್ಲ, ಅದಕ್ಕೆ ಹುಲ್ಲು ಸಾಕು. ಕುದುರೆ ಬಾಣಂತಿಯಲ್ಲವೇನೋ?" ಎಂದರು. ಕೆಲವು ವಾರಗಳಲ್ಲಿ ಮರಿಯು ಬೀದಿಯಲ್ಲಿ ನೆಗೆದಾಡಿತು.

ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರವನ್ನು ಮುಂದೆ ಓದುವಾಗ ನನಗೆ ಆ ಕೊಟ್ಟಿಗೆಯೇ ನೆನಪಾಯಿತು. ಈದ ಕುದುರೆಗೆ ಮೂರು ರಾತ್ರಿ ತುಪ್ಪ, ಆಮೇಲೆ ಹತ್ತು ರಾತ್ರಿ ಹಿಟ್ಟು, ಜಿಡ್ಡು, ಔಷಧ. ಹತ್ತು ದಿನ ಕಳೆದ ಮರಿಗೆ ಆರು ತಿಂಗಳವರೆಗೆ ಹಾಲು, ಹಿಟ್ಟು, ತುಪ್ಪ ಎಂಬುದು ಕೌಟಿಲ್ಯನ ವಿಧಿ.

ಹಾಲೂಡಿಸುವ ಮೊದಲ ತಿಂಗಳುಗಳಲ್ಲಿ ಕುದುರೆಗೆ ಎಂದಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಪ್ರೋಟೀನು ಬೇಕೆಂಬುದು ಇಂದಿನ ಪಶುವೈದ್ಯರ ಲೆಕ್ಕ. ಒಣಹುಲ್ಲಿನಲ್ಲಿ ಅದು ಅತ್ಯಲ್ಪ. ನಮ್ಮ ಸೀಮೆಯ ಹುರುಳಿಯಲ್ಲಾದರೋ ನೂರಕ್ಕೆ ಸುಮಾರು 22 ಪಾಲು. ಮರಿಯ ಬೆಳವಣಿಗೆಗೆ ಅಗತ್ಯವಾದ ಲೈಸಿನ್ ಎಂಬ ಅಂಶವೂ ಅದರಲ್ಲಿ ಚೆನ್ನಾಗಿದೆ.

ಅರಸನ ಲಾಯಕ್ಕೆಂದು ಬರೆದ ಧರ್ಮವನ್ನು, ಶಾಸ್ತ್ರವನ್ನೋದದ ನನ್ನ ತಾಯಿಯವರು ಬಡವನ ಕೊಟ್ಟಿಗೆಯಲ್ಲಿ ನಡೆಸಿದ್ದರು. ಮರಿ ಬದುಕಬೇಕಾದರೆ ಮೊದಲು ತಾಯಿ ಉಣ್ಣಬೇಕು.